ಕಿವಿಮೇಸ್ತ್ರಿ ಕೇಳಿದ ಜಪಾನಿ ಪಿಟೀಲು

ಕಿವಿಮೇಸ್ತ್ರಿಗೆ ಕಿವಿ ಮಾಡುವುದರಲ್ಲೇ ದೇವರಿಗೆ ಹೊತ್ತು ಕಳೆದುಹೋಗಿ, ಬಾಯಿಯನ್ನು ಅರ್ಧಕ್ಕೇ ಬಿಟ್ಟು ಎದ್ದ ಅಂತ ಅವನ ಹೆಂಡತಿ ಹೇಳುತ್ತಿದ್ದಳು. ಹೆಂಡತಿಯ ಮಾತನ್ನೆಲ್ಲ ನಂಬಬೇಕಾಗಿಲ್ಲ, ಅವಳಿಗೆ ಅದೇ ದೇವರು ಎಷ್ಟು ಧಾರಾಳವಾಗಿ ಬಾಯಿ ಕೊಟ್ಟಿದ್ದಾನೆ ಅನ್ನುವುದು ಇಡೀ ಬೀದಿಗೆ ಗೊತ್ತು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಅವಳು ಹೇಳಿದ್ದು ಅಪ್ಪಟ ಸತ್ಯ.

ಅವನ ಕಸುಬು ಲಿಫ್ಟುಗಳದ್ದು, ಮತ್ತೆ ದೊಡ್ಡ ಕಟ್ಟಡಗಳಿಗೆ ಗಾಳಿ ಊದುವ ಭಾರಿ ಫ್ಯಾನುಗಳದ್ದು. ಬೇರೆ ಮೇಸ್ತ್ರಿಗಳು ಯಂತ್ರ ಕೆಟ್ಟರೆ ಬಿಚ್ಚಿ ನೋಡುತ್ತಿದ್ದರು. ಇವನು ಬಿಚ್ಚುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು, ಎಡಗಡೆ ಬೇರಿಂಗ್ ಒಣಗಿದೆ, ಅಥವಾ ಬೆಲ್ಟ್ ಸಡಿಲ, ಅಥವಾ ಒಳಗೆ ಯಾರೋ ನಟ್ಟು ಮರೆತಿದ್ದಾರೆ ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಜೊತೆಯವರು ಇಟ್ಟ ಹೆಸರು ಕಿವಿಮೇಸ್ತ್ರಿ. ಈಗ ಅವನ ಸ್ವಂತ ಹೆಸರು ಕರೆದರೆ ಅವನೇ ತಿರುಗಿ ನೋಡುವುದು ಅನುಮಾನ.

ಇಷ್ಟು ಹೊಗಳಿದ್ದು ಸಾಕು, ಇನ್ನು ಅವನ ತೊಂದರೆ ಕೇಳಿ. ಯಂತ್ರ ಸರಿಯಾಗಿದ್ದರೆ ಅವನು ಏನೂ ಹೇಳುತ್ತಿರಲಿಲ್ಲ. ಸ್ಕ್ರೂಡ್ರೈವರ್ ಒರೆಸಿ ಜೇಬಿಗೆ ಹಾಕಿಕೊಂಡು ಮುಂದಿನ ಕಟ್ಟಡಕ್ಕೆ ಹೊರಟುಬಿಡುತ್ತಿದ್ದ. ಪಾಪ, ಕಟ್ಟಡದವರು ಹಿಂದೆಯೇ ಓಡಿಬಂದು ಏನಾಯಿತು ಅಂತ ಕೇಳಿದರೆ, ಸರಿ ಇರೋದರ ಬಗ್ಗೆ ಹೇಳೋದೇನಿದೆ ಅಂತ ಅವರನ್ನೇ ಕೇಳುತ್ತಿದ್ದ. ಚೆನ್ನಾಗಿರುವ ಲಿಫ್ಟನ್ನು ಇನ್ನೊಂದು ಸಲ ಓಡಿಸಿ ತೋರಿಸಿ ಅಂದರಂತೂ ಅವನಿಗೆ ಮೈ ಉರಿಯುತ್ತಿತ್ತು. ಕೆಟ್ಟಿದ್ದನ್ನು ಎರಡು ಸಲ ಕೇಳಬೇಕು, ಸರಿ ಇರುವುದನ್ನು ಎರಡನೇ ಸಲ ಓಡಿಸುವುದು ಕರೆಂಟಿಗೆ ದಂಡ. ಇದು ಅವನ ಲೆಕ್ಕ.

ಮನೆಯಲ್ಲೂ ಇದೇ ಲೆಕ್ಕ. ಉಪ್ಪು ಕಮ್ಮಿಯಾದರೆ ಬಾಯಿ ತೆರೆಯುತ್ತಿದ್ದ, ಇಲ್ಲವಾದರೆ ತಟ್ಟೆ ತೊಳೆದಿಟ್ಟು ಎದ್ದುಹೋಗುತ್ತಿದ್ದ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ದಿನವಿಡೀ ನೂರು ಥರದ ಮೂಗು ನೋಡಿ ಮನುಷ್ಯರನ್ನು ಅಳೆಯಲು ಕಲಿತವಳು. ಗಂಡ ಸುಮ್ಮನೆ ತಿಂದರೆ ಅಡುಗೆಗೆ ಪದಕ ಸಿಕ್ಕಿತು ಅಂತ ತಿಳಿದುಕೊಂಡು ಸಂಸಾರ ಸಾಗಿಸಿಬಿಟ್ಟಳು. ಆದರೆ ಮಗಳಿಗೆ ಆ ವಿದ್ಯೆ ಹತ್ತಲಿಲ್ಲ.

ಮಗಳು ಚಿಕ್ಕಂದಿನಿಂದ ಪಿಟೀಲು ಹಿಡಿದವಳು. ತೋಳಿಗಿಂತ ಪಿಟೀಲೇ ಉದ್ದವಾಗಿದ್ದ ವಯಸ್ಸಿನಲ್ಲಿ, ಏನಾದರೊಂದು ನುಡಿಸಿ ಮುಗಿಸಿ, ಕಮಾನು ಕೆಳಗಿಳಿಸಿ, ಅಪ್ಪನ ಮುಂದೆ ಬಂದು ನಿಲ್ಲುತ್ತಿದ್ದಳು. ಹೇಗಿತ್ತಪ್ಪಾ? ಅಪ್ಪ ಕಣ್ಣು ಮುಚ್ಚಿ ಕೇಳಿರುತ್ತಿದ್ದ, ಆದ್ದರಿಂದ ಕಣ್ಣು ತೆರೆದು, ನಡುವೆ ಎರಡು ಕಡೆ ಸ್ವರ ಜಾರಿತು ಅನ್ನುತ್ತಿದ್ದ. ಜಾರಿರುತ್ತಿತ್ತು, ಅದು ಸುಳ್ಳಲ್ಲ. ಮಗಳು ತಿದ್ದಿಕೊಂಡು ಮರುದಿನ ಮತ್ತೆ ಬರುತ್ತಿದ್ದಳು. ಹೀಗೇ ವರ್ಷಗಟ್ಟಲೆ ನಡೆಯಿತು. ಒಮ್ಮೆ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಗೆದ್ದು, ಕೊರಳಿಗೆ ಹಾಕಿದ ಪದಕ ತೆಗೆಯದೆಯೇ ಬಂದು ಕೇಳಿದಳು. ಕೊನೆಯಲ್ಲಿ ಸ್ವಲ್ಪ ಆತುರ ಆಯಿತು ಅಂದ ಅಪ್ಪ. ಮಗಳು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಅವತ್ತಿನಿಂದ ಅವಳು ಕೇಳುವುದು ಅಮ್ಮನನ್ನು. ಅಮ್ಮ ಬಟ್ಟೆ ಮಡಿಸುತ್ತಲೇ, ಕತ್ತೂ ಎತ್ತದೆ, ಬಹಳ ಚೆನ್ನಾಗಿತ್ತು ಪುಟ್ಟಾ ಅಂದುಬಿಡುತ್ತಿದ್ದಳು. ಅಷ್ಟರಿಂದಲೇ ಮಗಳ ಮುಖ ಅರಳುವುದನ್ನು ಕಿವಿಮೇಸ್ತ್ರಿ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ.

ಒಂದೆರಡು ವಾರ ಮುನಿಸಿಕೊಂಡು ಸರಿಹೋಗುತ್ತಾಳೆ ಅಂದುಕೊಂಡಿದ್ದ. ಸರಿಹೋಗಲಿಲ್ಲ. ಮಗಳು ಬೆಳೆದು, ಸಂಗೀತಶಾಲೆ ಮುಗಿಸಿ, ಮಕ್ಕಳಿಗೆ ಪಾಠ ಹೇಳುವ ಮಟ್ಟಕ್ಕೆ ಬಂದಳು. ಅಪ್ಪನ ಜೊತೆ ನಗುತ್ತಿದ್ದಳು, ಜಗಳವಾಡುತ್ತಿದ್ದಳು, ಅವನ ಹರಿದ ಕಾಲುಚೀಲ ಬಿಸಾಕಿ ಹೊಸದು ತಂದಿಡುತ್ತಿದ್ದಳು. ಆ ಒಂದು ಪ್ರಶ್ನೆ ಮಾತ್ರ ಕೇಳುತ್ತಿರಲಿಲ್ಲ. ಅವನಿಗೆ ಅದು ಎಷ್ಟು ಬೇಕಾಗಿತ್ತು ಅಂದರೆ, ಅವಳು ನುಡಿಸಿ ನಿಲ್ಲಿಸಿದಾಗೆಲ್ಲ ಪಕ್ಕದ ಕೋಣೆಯಲ್ಲಿ ಇವನು ಪೇಪರು ಕೆಳಗಿಟ್ಟು ಕಾಯುತ್ತಿದ್ದ. ಹೆಜ್ಜೆಯ ಸದ್ದು ಅಡುಗೆಮನೆಯ ಕಡೆ ಹೋಗುತ್ತಿತ್ತು. ಇವನು ಪೇಪರು ಎತ್ತಿಕೊಳ್ಳುತ್ತಿದ್ದ.

ಹೀಗಿರುವಾಗ ಬಂತು ನೋಡಿ ಜಪಾನಿ ಪಿಟೀಲು.

ಜಪಾನಿನ ಒಬ್ಬ ಹೆಂಗಸು, ಈಗಿನ ಕಾಲದವಳೇ, ಪಿಟೀಲಿಗೆಂದು ಒಂದು ದೊಡ್ಡ ಕೃತಿ ಬರೆದಿದ್ದಳು. ಒಬ್ಬರು ಪಿಟೀಲು ಹಿಡಿದು ಮುಂದೆ ನಿಲ್ಲಬೇಕು, ಹಿಂದೆ ಇಡೀ ವಾದ್ಯವೃಂದ ಇರುತ್ತದೆ, ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿದಂತೆ ನಡೆಯಬೇಕು. ಇದಕ್ಕೆ ಕನ್ಸರ್ಟೊ ಅನ್ನುತ್ತಾರೆ. ಊರಿನ ವಾದ್ಯವೃಂದದವರು ಮುಂದೆ ನಿಲ್ಲಲು ಆರಿಸಿದ್ದು ಕಿವಿಮೇಸ್ತ್ರಿಯ ಮಗಳನ್ನು. ಬರೆದ ಹೆಂಗಸೇ ಕೇಳಲು ಬರುತ್ತಾಳಂತೆ. ಮನೆಯಲ್ಲಿ ಸಂತೋಷವೋ ಸಂತೋಷ. ಆಮೇಲೆ ಅಭ್ಯಾಸ ಶುರುವಾಯಿತು.

ಆ ಕೃತಿ ಎಲ್ಲರೂ ಅಂದುಕೊಂಡ ಹಾಗಿರಲಿಲ್ಲ. ಒಂದು ಸಲ ತುಕ್ಕು ಹಿಡಿದ ತಿರುಗಣಿಯ ಹಾಗೆ, ಇನ್ನೊಂದು ಸಲ ಒದ್ದೆ ಬೆರಳಲ್ಲಿ ಗಾಜು ಉಜ್ಜಿದ ಹಾಗೆ ಕೇಳುತ್ತಿತ್ತು. ಕಮಾನಿನ ಕೂದಲು ಬಿಟ್ಟು ಕಟ್ಟಿಗೆಯಿಂದಲೇ ತಂತಿ ತಟ್ಟುವುದೂ ಇತ್ತು. ಕೆಳಗಿನ ಮನೆಯವರು ಮೇಲೆ ಬಂದು, ಮೇಸ್ತ್ರಿಗಳು ಲಿಫ್ಟನ್ನು ಮನೆಗೇ ತಂದುಕೊಂಡರಾ ಅಂತ ವಿಚಾರಿಸಿ ಹೋದರು. ಕಿವಿಮೇಸ್ತ್ರಿ ಮೊದಲ ದಿನ ಬಚ್ಚಲಮನೆಯ ಬಾಗಿಲಿಗೆ ಎಣ್ಣೆ ಬಿಟ್ಟ. ಎರಡನೇ ದಿನ ಬೀರುವಿಗೆ ಬಿಟ್ಟ. ಮೂರನೇ ದಿನ ಎಣ್ಣೆಬುಡ್ಡಿ ಹಿಡಿದು ಮಗಳ ಕೋಣೆಯ ಬಾಗಿಲಲ್ಲಿ ನಿಂತಾಗ, ಮಗಳು ಕಮಾನು ಇಳಿಸಿ ನೋಡಿದ ನೋಟಕ್ಕೆ ಬುಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ವಾಪಸಾದ.

ಆದರೆ ಕಿವಿ ಕಿವಿಯೇ. ದಿನಾ ಕೇಳುತ್ತಾ ಕೇಳುತ್ತಾ ಅವನಿಗೆ ಆ ಕಿರುಗುಟ್ಟುವಿಕೆಯಲ್ಲೊಂದು ದಾರಿ ಕಾಣಿಸತೊಡಗಿತು. ಕೊನೆಗೆ ಹತ್ತಿರವಾದಂತೆ ಒಂದು ಜಾಗ ಬರುತ್ತಿತ್ತು. ಅಲ್ಲಿ ಎಲ್ಲ ಗಲಾಟೆಯೂ ನಿಂತು, ತಂತಿಗೆ ಬೆರಳು ತಾಗಿತೋ ಇಲ್ಲವೋ ಅನ್ನುವಷ್ಟು ಹಗುರಾಗಿ ಮುಟ್ಟಿ, ಒಂದೇ ಒಂದು ಎಳೆ ಸ್ವರವನ್ನು ಹೊರಗೆಳೆಯಬೇಕು. ಅವನು ಅದಕ್ಕೆ ಮನಸ್ಸಿನಲ್ಲೇ ನೂಲಿನ ಜಾಗ ಅಂತ ಹೆಸರಿಟ್ಟಿದ್ದ. ಮಗಳು ತಿಂಗಳುಗಟ್ಟಲೆ ಆ ನೂಲಿನ ಜೊತೆ ಗುದ್ದಾಡಿದಳು. ನೂಲು ಕಡಿಯುತ್ತಿತ್ತು, ಅವಳು ಕಾಲು ನೆಲಕ್ಕೆ ಅಪ್ಪಳಿಸುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು. ಬಾಗಿಲ ಈಚೆ ಅಪ್ಪ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ.

ಕಾರ್ಯಕ್ರಮಕ್ಕೆ ಮುಂಚೆ ಮಗಳು ಎರಡು ಟಿಕೆಟ್ ಮೇಜಿನ ಮೇಲಿಟ್ಟು, ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಅಪ್ಪಾ, ಒಂದೇ ಒಂದು ಕೇಳ್ತೀನಿ. ಮಧ್ಯೆ ಏನೇ ಕೇಳಿಸ್ಲಿ, ನೀನು ಎದ್ದು ಹೋಗಬಾರದು."

ಅವಳು ಹಾಗೆ ಹೇಳಲು ಕಾರಣ ಇತ್ತು. ಒಮ್ಮೆ ಸಿನಿಮಾ ನೋಡಲು ಹೋದಾಗ ಕಥಾನಾಯಕ ಸಾಯುವ ಹೊತ್ತಿಗೆ ಸರಿಯಾಗಿ ಎದ್ದು, ಪ್ರೊಜೆಕ್ಟರಿನ ಕೋಣೆಗೆ ಹತ್ತಿ, ಅಲ್ಲಿನ ಪುಟ್ಟ ಫ್ಯಾನು ಬಿಚ್ಚಿ ಕೂತವನು ಇವನು. ಹಲ್ಲು ಕೀಳಿಸಲು ಹೋಗಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಡಾಕ್ಟರ ಯಂತ್ರ ರಿಪೇರಿ ಮಾಡಿ ಬಂದವನು. ಕಿವಿಮೇಸ್ತ್ರಿ ಮಗಳ ಕೈಮೇಲೆ ಕೈಯಿಟ್ಟು, ಏಳುವುದಿಲ್ಲ ಅಂತ ಮಾತು ಕೊಟ್ಟ. ಮನಸ್ಸಿನಲ್ಲಿ ಇನ್ನೊಂದು ತೀರ್ಮಾನವನ್ನೂ ಮಾಡಿಕೊಂಡ. ಈ ಸಲ ಅವಳು ಕೇಳಲಿ ಬಿಡಲಿ, ತುಂಬಾ ಚೆನ್ನಾಗಿತ್ತು ಅಂತ ಹೇಳಿಯೇ ತೀರುವುದು. ಎಲ್ಲಿ ಜಾರಿದರೂ ಸರಿ.

ತೀರ್ಮಾನ ಸುಲಭ, ನಾಲಿಗೆ ಹೊರಳಬೇಕಲ್ಲ! ಆ ವಾರವೆಲ್ಲ ಅವನು ಲಿಫ್ಟಿನ ತಳದ ಹೊಂಡದಲ್ಲಿ ನಿಂತು ಅಭ್ಯಾಸ ಮಾಡಿದ. ತುಂಬಾ ಚೆನ್ನಾಗಿತ್ತು. ಎದುರಿಗೆ ಗ್ರೀಸು ಮೆತ್ತಿದ ಮೋಟಾರು. ತುಂಬಾ, ಚೆನ್ನಾಗಿತ್ತು. ಸಾಲ ತೀರಿಸಲಾಗದವನು ಸಬೂಬು ಹೇಳಿದ ಹಾಗಿತ್ತು. ಮೇಲಿನ ಮಹಡಿಯಲ್ಲಿ ಬಾಗಿಲು ತೆರೆಯಲು ಕಾಯುತ್ತಿದ್ದ ಅಜ್ಜಿಯೊಬ್ಬಳು, ಕೆಳಗಿನಿಂದ ಬಂದ ಆ ಮಾತನ್ನು ಕೇಳಿ, ಯಾರಿಗೆ ಏನು ಚೆನ್ನಾಗಿತ್ತಪ್ಪ ಅಂತ ಬಗ್ಗಿ ಕೇಳಿದಳು. ಅವನು ದೀಪ ಆರಿಸಿಕೊಂಡು ನಿಂತ.

ಕಾರ್ಯಕ್ರಮ ಇದ್ದದ್ದು ರಜಾದಿನದ ಮಧ್ಯಾಹ್ನ. ಹೊರಗೆ ಬಿಸಿಲು ಅಂದರೆ ಬಿಸಿಲು, ಟಾರು ರಸ್ತೆ ಮೆತ್ತಗಾಗಿತ್ತು. ಸಭಾಂಗಣದ ಬಾಗಿಲಲ್ಲಿ ಹೆಂಡತಿ ಗಂಡನನ್ನು ನಿಲ್ಲಿಸಿ, ಕೋಟಿನ ಜೇಬು ತಡಕಿ, ಉದ್ದನೆಯ ಸ್ಕ್ರೂಡ್ರೈವರನ್ನು ಹೊರಗೆಳೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಕಾಲುಚೀಲದಲ್ಲಿದ್ದ ಗಿಡ್ಡ ಸ್ಕ್ರೂಡ್ರೈವರ್ ಅವಳಿಗೆ ಗೊತ್ತಾಗಲಿಲ್ಲ. ಒಳಗೆ ತಣ್ಣಗಿತ್ತು. ಛಾವಣಿಯ ಜಾಲರಿಯಿಂದ ಗಾಳಿ ಮೆತ್ತಗೆ ಇಳಿಯುತ್ತಿತ್ತು. ಕಿವಿಮೇಸ್ತ್ರಿ ಕೂತ ತಕ್ಷಣ ಆ ಗಾಳಿಗೆ ಕಿವಿಗೊಟ್ಟ, ತಪ್ಪೇನೂ ಸಿಗಲಿಲ್ಲ, ಆದ್ದರಿಂದ ಏನೂ ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಬೂದು ರೇಷ್ಮೆ ತೊಟ್ಟ ಒಬ್ಬ ಸಣ್ಣ ಹೆಂಗಸು ನೆಟ್ಟಗೆ ಕೂತಿದ್ದಳು, ಬೆಳ್ಳಗಿನ ಕೂದಲನ್ನು ಹುಡುಗರ ಹಾಗೆ ಕತ್ತರಿಸಿದ್ದಳು. ಅವಳೇ ಬರೆದವಳು ಅಂತ ಹೆಂಡತಿ ಪಿಸುಗುಟ್ಟಿದಳು.

ಮಗಳು ಬಂದಳು. ಕಡುನೀಲಿ ಬಟ್ಟೆ. ಅಪ್ಪ ಕೂತ ಕಡೆ ಒಂದು ಸಲ ಕಣ್ಣು ಹಾಯಿಸಿ, ಇದ್ದಾನೆ ಅಂತ ಖಾತ್ರಿ ಮಾಡಿಕೊಂಡು ಪಿಟೀಲು ಎತ್ತಿದಳು. ಎತ್ತಿದವಳು ನುಡಿಸಲಿಲ್ಲ. ಕಮಾನು ತಂತಿಯ ಮೇಲೆಯೇ ಇತ್ತು, ಸದ್ದಿಲ್ಲ. ಜನ ಕೆಮ್ಮಿದರು, ಕುರ್ಚಿ ಸರಿಸಿದರು, ಆಮೇಲೆ ಅದೂ ನಿಂತಿತು. ಆಗ ಯಾವಾಗ ಶುರುವಾಯಿತು ಅಂತ ಗೊತ್ತಾಗದ ಹಾಗೆ ಶುರುವಾಯಿತು. ಮನೆಯ ಬಾಗಿಲ ಸಂದಿಯಿಂದ ಕೇಳಿದ್ದ ಕಿರುಗುಟ್ಟುವಿಕೆಗೆ ಇಲ್ಲಿ ಹಿಂದೆ ನಿಂತವರು ಉತ್ತರ ಕೊಡುತ್ತಿದ್ದರು. ಇವಳು ಗೀರಿದರೆ ಕೊಳಲಿನವರು ಉಸಿರು ಬಿಟ್ಟರು, ಇವಳು ತಟ್ಟಿದರೆ ತಮಟೆಯವನು ಬೆರಳ ತುದಿಯಿಂದ ತಟ್ಟಿದ. ಓಹೋ, ಇದು ಒಂಟಿ ಮಾತಲ್ಲ, ಜಗಳ ಅಂತ ಕಿವಿಮೇಸ್ತ್ರಿಗೆ ಹೊಳೆಯಿತು. ಅವನು ಕಣ್ಣು ಮುಚ್ಚಿದ. ಬಹಳ ಖುಷಿಯಾಗಿತ್ತು ಅವನಿಗೆ, ಮುಚ್ಚುಮರೆ ಯಾಕೆ.

ಅಷ್ಟರಲ್ಲಿ ಕೇಳಿಸಿತು.

ಎಲ್ಲೋ ಮೇಲಿನಿಂದ, ಎಲ್ಲೋ ಹಿಂದಿನಿಂದ, ಒಂದು ಮಂದ್ರವಾದ ಗುರುಗುರು. ಗುರ್ರ್, ಬಿಟ್ಟು, ಗುರ್ರ್. ಹೊಟ್ಟೆಗೆ ಮೊದಲು ತಾಗಿ ಆಮೇಲೆ ಕಿವಿಗೆ ಬರುವಂಥ ಸದ್ದು. ಬೇರಿಂಗ್! ಛಾವಣಿಯ ಫ್ಯಾನಿನ ಬೇರಿಂಗ್ ಒಣಗಿ ಬಿರುಕು ಬಿಡುತ್ತಿದೆ. ಇಂಥ ಗುರುಗುರು ಅವನು ಜೀವಮಾನದಲ್ಲಿ ಸಾಕಷ್ಟು ಕೇಳಿದ್ದ. ಸ್ವಲ್ಪ ಹೊತ್ತು ಹೀಗೆ ಗೊಣಗಿ, ಆಮೇಲೆ ಕತ್ತು ಹಿಸುಕಿದ ಹಾಗೆ ಕಿರುಚುತ್ತದೆ. ಯಾವಾಗ ಕಿರುಚುತ್ತದೆ? ಲೆಕ್ಕ ಹಾಕಿದರೆ ಸರಿಯಾಗಿ ನೂಲಿನ ಜಾಗಕ್ಕೆ.

ಅವನು ಕುರ್ಚಿಯ ಕೈ ಬಿಗಿಯಾಗಿ ಹಿಡಿದ. ಮಾತು ಕೊಟ್ಟಿದ್ದಾನೆ. ಎದ್ದರೆ ಮಗಳಿಗೆ ಕೊಟ್ಟ ಮಾತು ಹೋಯಿತು, ಕೂತರೆ ಮಗಳ ನೂಲು ಹೋಯಿತು. ಅಕ್ಕಪಕ್ಕ ನೋಡಿದ, ಯಾರಿಗೂ ಏನೂ ಅನ್ನಿಸಿದಂತಿರಲಿಲ್ಲ, ಎಲ್ಲರೂ ಗಂಭೀರವಾಗಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಗುರ್ರ್. ಅವನು ಅರ್ಧ ಎದ್ದ. ಹೆಂಡತಿ ತಿರುಗಿಯೂ ನೋಡದೆ ಅವನ ಕೋಟಿನ ಬೆನ್ನು ಹಿಡಿದಳು. ಕನ್ನಡಕದ ಸಣ್ಣ ಸಣ್ಣ ತಿರುಪು ಬಿಗಿದು ಗಟ್ಟಿಯಾದ ಬೆರಳು, ಬಿಡುವ ಪೈಕಿಯಲ್ಲ. ಕಿವಿಮೇಸ್ತ್ರಿ ಕೋಟಿನ ತೋಳುಗಳಿಂದ ನಿಧಾನವಾಗಿ ಕೈ ಬಿಡಿಸಿಕೊಂಡು, ಕೋಟನ್ನು ಅವಳ ಮುಷ್ಟಿಯಲ್ಲೇ ಬಿಟ್ಟು, ಬಗ್ಗಿಕೊಂಡು ಬಾಗಿಲ ಕಡೆ ನಡೆದ.

ಹೊರಗಿನ ಮೊಗಸಾಲೆಯಲ್ಲಿ ಸಭಾಂಗಣ ನೋಡಿಕೊಳ್ಳುವ ಮುದುಕ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಬೇರಿಂಗ್ ಅನ್ನುವ ಮಾತು ಕೇಳಿದ್ದೇ ಅವನು ಗಾಬರಿಯಿಂದ ಎದ್ದು, ಬೀಗದ ಗೊಂಚಲು ಹಿಡಿದು ಮೆಟ್ಟಿಲು ಹತ್ತಿದ. ಹಿಂದೆಯೇ ಬರೀ ಅಂಗಿಯಲ್ಲಿ ಕಿವಿಮೇಸ್ತ್ರಿ. ಫ್ಯಾನಿನ ಕೋಣೆ ಛಾವಣಿಯ ಕೆಳಗೇ ಇತ್ತು. ತಗಡಿನ ದೊಡ್ಡ ಗಾಳಿಕೊಳವೆ, ಅದರ ಬಾಯಿಗೆ ಆಳುದ್ದದ ಫ್ಯಾನು. ಅವನು ಕಾಲುಚೀಲದಿಂದ ಗಿಡ್ಡ ಸ್ಕ್ರೂಡ್ರೈವರ್ ತೆಗೆದು ಬೇರಿಂಗ್ ಕೂತ ಜಾಗಕ್ಕೆ ಒತ್ತಿ ಕಣ್ಣು ಮುಚ್ಚಿದ.

ಏನೂ ಇಲ್ಲ. ಹಾಲು ಕುಡಿದು ಮಲಗಿದ ಮಗುವಿನ ಹಾಗೆ ಫ್ಯಾನು ಉಸಿರಾಡುತ್ತಿತ್ತು.

ಎಡಗಡೆ ಒತ್ತಿದ, ಬಲಗಡೆ ಒತ್ತಿದ. ಏನೂ ಇಲ್ಲ. ಕೊಳವೆಯ ತಗಡಿಗೆ ಒತ್ತಿದರೆ ಮಾತ್ರ ಗುರ್ರ್ ಅನ್ನುತ್ತಿದೆ! ಹೀಗಾದಾಗ ಕಸುಬಿನಲ್ಲಿ ಒಂದೇ ಉಪಾಯ ಇರುವುದು: ನಿಲ್ಲಿಸಿ ನೋಡುವುದು. ಯಂತ್ರ ನಿಂತಾಗ ಸದ್ದೂ ನಿಂತರೆ ತಪ್ಪು ಯಂತ್ರದ್ದು. ಯಂತ್ರ ನಿಂತರೂ ಸದ್ದು ನಿಲ್ಲದಿದ್ದರೆ ಸದ್ದು ಬೇರೆ ಯಾರದೋ. ಕಿವಿಮೇಸ್ತ್ರಿ ಗುಂಡಿ ಒತ್ತಿದ. ಫ್ಯಾನು ನಿಧಾನವಾಗಿ ತಿರುಗುವುದನ್ನು ಬಿಟ್ಟು ನಿಂತಿತು. ಸದ್ದು ನಿಲ್ಲಲಿಲ್ಲ. ಇನ್ನೂ ಸ್ಪಷ್ಟವಾಗಿ, ಕೊಳವೆಯ ಮೂಲಕ, ಕೆಳಗಿನ ವೇದಿಕೆಯಿಂದ ಗುರ್ರ್ ಅನ್ನುತ್ತಾ ಮೇಲೆ ಬಂತು.

ಮುದುಕ ಕೊಳವೆಯ ಜಾಲರಿಗೆ ಕಿವಿ ಕೊಟ್ಟು, "ಅದು ಆಳೆತ್ತರದ ದೊಡ್ಡ ಪಿಟೀಲಿನೋರು ಸ್ವಾಮಿ," ಅಂದ. "ತಂತಿ ಬಿಟ್ಟು ಕೆಳಗಿನ ಕಟ್ಟಿಗೆ ಮೇಲೆ ಕಮಾನು ಉಜ್ತಾರೆ. ಮೂರು ದಿನದಿಂದ ರಿಹರ್ಸಲ್‌ನಲ್ಲಿ ನೋಡ್ತಾನೇ ಇದೀನಿ."

ಕಿವಿಮೇಸ್ತ್ರಿ ಅಲ್ಲೇ ಇದ್ದ ಡಬ್ಬದ ಮೇಲೆ ಕುಸಿದು ಕೂತ. ಮಗಳು ಮನೆಯಲ್ಲಿ ನುಡಿಸುತ್ತಿದ್ದದ್ದು ತನ್ನ ಭಾಗವನ್ನು ಮಾತ್ರ, ಹಿಂದಿನವರು ಏನು ಮಾಡುತ್ತಾರೆ ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು? ಇಡೀ ಸಭೆಗೆ ಸಂಗೀತವಾಗಿ ಕೇಳಿದ್ದು ಇವನೊಬ್ಬನಿಗೆ ಬೇರಿಂಗಾಗಿ ಕೇಳಿತ್ತು. ಮುದುಕ ಹಾಗಾದರೆ ಫ್ಯಾನು ಮತ್ತೆ ಹಾಕಲಾ ಅಂತ ಗುಂಡಿಗೆ ಕೈ ಒಯ್ದ. ಕಿವಿಮೇಸ್ತ್ರಿ ಹಾರಿ ಅವನ ಕೈ ಹಿಡಿದ. ಇಂಥ ಫ್ಯಾನು ಶುರುವಾಗುವಾಗ ಧಡಾರ್ ಅಂತ ಒದೆಯುತ್ತದೆ, ಕೊಳವೆಯುದ್ದಕ್ಕೂ ಗುಡುಗುತ್ತದೆ. ಈಗಲೇ ನೂಲಿನ ಜಾಗ ಬರುವ ಹೊತ್ತು. ಮುಗಿಯುವವರೆಗೂ ಮುಟ್ಟಬೇಡಿ ಅಂತ ಅವನು ಬೇಡಿಕೊಂಡ.

ಬಂತು.

ಕೆಳಗೆ ಎಲ್ಲ ನಿಂತಿತು. ತಗಡಿನ ಕತ್ತಲ ಕೊಳವೆಯೊಳಗಿಂದ ಆ ಒಂದು ಎಳೆ ಸ್ವರ ಏರಿ ಬಂತು. ಕಿವಿಮೇಸ್ತ್ರಿ ಅಭ್ಯಾಸಬಲದಿಂದ ಸ್ಕ್ರೂಡ್ರೈವರನ್ನು ತಗಡಿಗೆ ಒತ್ತಿದವನು, ಆಮೇಲೆ ಅದನ್ನು ನೆಲದ ಮೇಲಿಟ್ಟು ಬರಿಗಿವಿಯನ್ನೇ ಜಾಲರಿಗೆ ಕೊಟ್ಟ. ನೂಲು ಕಡಿಯಲಿಲ್ಲ. ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು, ಇನ್ನೇನು ಇಲ್ಲ ಅನ್ನುವಾಗಲೂ ಇತ್ತು. ಅದು ಎಲ್ಲಿ ಜಾರುತ್ತದೆ ಅಂತ ಕಾಯುವುದು ಅವನಿಗೆ ಮರೆತೇಹೋಯಿತು. ಜೀವಮಾನದಲ್ಲಿ ಮೊದಲ ಸಲ ಅವನು ತಪ್ಪು ಹುಡುಕದೆ ಒಂದು ಸದ್ದನ್ನು ಕೇಳಿದ. ಕಣ್ಣೀರು ಬಂದು ಮೂಗಿನ ತುದಿಯಲ್ಲಿ ನಿಂತಿತು, ಒರೆಸಿಕೊಂಡರೆ ಅಂಗಿಯ ಸದ್ದಾದೀತು ಅಂತ ಹಾಗೇ ಬಿಟ್ಟ.

ನುಡಿಸುತ್ತಿರುವುದು ಯಾರು ಅಂತ ಮುದುಕ ಬಹಳ ಮೆಲ್ಲಗೆ ಕೇಳಿದ.

"ನನ್ನ ಮಗಳು."

ನೂಲಿನ ಹಿಂದೆಯೇ ಇನ್ನೊಂದು ಸದ್ದು ಎದ್ದಿತು. ಸರ ಸರ ಸರ ಅಂತ, ಒಣ ಎಲೆಗಳ ಮೇಲೆ ಗಾಳಿ ಹೊರಳಿದ ಹಾಗೆ, ಮೊದಲು ಒಂದು ಮೂಲೆಯಿಂದ, ಆಮೇಲೆ ಎಲ್ಲ ಕಡೆಯಿಂದ. ಪಿಟೀಲಿನ ಸ್ವರ ಆ ಎಲೆಗಳ ನಡುವೆ ನಡೆದುಹೋಗಿ ಕಾಣೆಯಾಯಿತು. ಸರಸರವೂ ಕಮ್ಮಿಯಾಗುತ್ತಾ ಬಂದು ನಿಂತಿತು. ಆಹಾ, ಎಂಥ ತಲೆ ಆ ಹೆಂಗಸಿನದು ಅಂತ ಕಿವಿಮೇಸ್ತ್ರಿ ತಲೆದೂಗಿದ. ಕೆಳಗೆ ಚಪ್ಪಾಳೆ ಸಿಡಿಯಿತು.

ಅವನು ಮೆಟ್ಟಿಲಿಳಿದು ಬಂದಾಗ ಜನ ಹೊರಗೆ ಬರುತ್ತಿದ್ದರು. ಎಲ್ಲರ ಮುಖವೂ ಕೆಂಪು, ಅಂಗಿಗಳು ಬೆನ್ನಿಗೆ ಅಂಟಿಕೊಂಡಿದ್ದವು. ಹೆಂಡತಿ ಅವನ ಕೋಟನ್ನು ಹಿಡಿದುಕೊಂಡು, ಕಾರ್ಯಕ್ರಮದ ಹಾಳೆಯಿಂದ ಮುಖಕ್ಕೆ ಗಾಳಿ ಬೀಸಿಕೊಳ್ಳುತ್ತಾ ನಿಂತಿದ್ದಳು. ಬಾಯಿ ತೆರೆದಳು, ನೋಡಿ, ಆ ಬಾಯಿಂದ ಬಂದದ್ದನ್ನೆಲ್ಲ ಬರೆಯುವ ಹಾಗಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಇವನು, ಕೊನೆಯಲ್ಲಿ ಎಲೆಗಳ ಸದ್ದು ಬಂತಲ್ಲ, ಅದನ್ನು ಯಾವ ವಾದ್ಯದವರು ನುಡಿಸಿದರು ಅಂತ ಕೇಳಿದ.

"ನಾವು ಕಣ್ರೀ!" ಅಂದಳು ಹೆಂಡತಿ. "ಇದ್ದಕ್ಕಿದ್ದ ಹಾಗೆ ಗಾಳಿ ನಿಂತು ಜನ ಎಲ್ಲ ಬೆಂದುಹೋದ್ರು. ಒಬ್ಬರಾದ ಮೇಲೊಬ್ಬರು ಈ ಹಾಳೇಲಿ ಗಾಳಿ ಹಾಕ್ಕೊಂಡ್ವಿ. ಇನ್ನೇನು ಮಾಡೋದು, ಸಾಯೋದಾ?"

ಕಿವಿಮೇಸ್ತ್ರಿ ನಾಲಿಗೆ ಕಚ್ಚಿಕೊಂಡ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಗೊಂದಲವೋ ಗೊಂದಲ. ವಾದ್ಯವೃಂದ ನಡೆಸುವವನು, ಕೊನೆಗೆ ಕಾಗದದ ಸದ್ದು ಸೇರಿಸಿದ್ದು ಅದ್ಭುತವಾಗಿತ್ತು ಅಂತ ಜಪಾನಿ ಹೆಂಗಸಿಗೆ ಕೈ ಮುಗಿಯುತ್ತಿದ್ದ. ಜಪಾನಿ ಹೆಂಗಸು ಅದನ್ನು ಸೇರಿಸಿದ್ದು ಅವನೇ ಅಂದುಕೊಂಡು ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದಳು. ನಡುವೆ ದುಭಾಷಿ ಎರಡೂ ಕಡೆ ಬೆವರು ಒರೆಸಿಕೊಳ್ಳುತ್ತಿದ್ದ. ಮಗಳು ಪಿಟೀಲನ್ನು ಕೈಯಲ್ಲೇ ಹಿಡಿದು ಗೋಡೆಗೊರಗಿ ನಿಂತಿದ್ದಳು. ಅಪ್ಪನನ್ನು ನೋಡಿದಳು, ಅವನ ಅಂಗಿಯ ಮೇಲಿನ ಗ್ರೀಸು ನೋಡಿದಳು.

"ಕುರ್ಚಿ ಖಾಲಿ ಇತ್ತು," ಅಂದಳು. "ಎದ್ದು ಹೋಗಲ್ಲ ಅಂದಿದ್ದೆ ನೀನು."

ಕಿವಿಮೇಸ್ತ್ರಿ ಇನ್ನೇನು ಮಾಡುತ್ತಾನೆ, ನಡೆದದ್ದನ್ನೆಲ್ಲ ಇದ್ದಿದ್ದು ಇದ್ದ ಹಾಗೆ ಹೇಳಿದ. ಬೇರಿಂಗ್, ಮೆಟ್ಟಿಲು, ಗುಂಡಿ, ಎಲ್ಲ. ದುಭಾಷಿ ಒಂದೊಂದೇ ಮಾತನ್ನು ಜಪಾನಿಗೆ ತಿರುಗಿಸುತ್ತಿದ್ದ. ವಾದ್ಯವೃಂದದವನು ಪೆಚ್ಚಾಗಿ ಕೂತುಬಿಟ್ಟ. ಜಪಾನಿ ಹೆಂಗಸು ಮಾತ್ರ ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿ, ಒಂದೇ ಪ್ರಶ್ನೆ ಕೇಳಿದಳು. ಅಷ್ಟೆಲ್ಲ ಆದ ಮೇಲೆ, ಆ ಫ್ಯಾನು ಹೇಗಿತ್ತು?

"ಫ್ಯಾನಾ ಅಮ್ಮಾ? ತುಂಬಾ ಚೆನ್ನಾಗಿತ್ತು," ಅಂದ ಕಿವಿಮೇಸ್ತ್ರಿ.

ಎಷ್ಟು ಸಲೀಸಾಗಿ ಬಂತು ಮಾತು! ಒಂದು ತೊದಲಿಲ್ಲ, ಒಂದು ತಡವರಿಕೆಯಿಲ್ಲ. ಲಿಫ್ಟಿನ ಹೊಂಡದಲ್ಲಿ ನಿಂತು ಮಾಡಿದ ಅಭ್ಯಾಸವೆಲ್ಲ ಫಲ ಕೊಟ್ಟಿತು. ಕೊಟ್ಟದ್ದು ಯಾರಿಗೆ ಅನ್ನುವುದು ಬಾಯಿಂದ ಜಾರಿದ ಮೇಲೆ ಅವನಿಗೆ ಗೊತ್ತಾಯಿತು.

ಮಗಳು ನಕ್ಕಳು.

"ಫ್ಯಾನಿಗೆ ಹೇಳ್ತೀಯ," ಅಂದಳು. "ನನಗೆ ಇಷ್ಟು ವರ್ಷದಲ್ಲಿ ಒಂದು ಸಲ ಹೇಳಿಲ್ಲಪ್ಪಾ ನೀನು. ಇವತ್ತು ನೋಡಿದ ಫ್ಯಾನಿಗೆ ಹೇಳ್ತೀಯ."

ದುಭಾಷಿಗೆ ಇದನ್ನು ತಿರುಗಿಸಬಾರದು ಅನ್ನಿಸಿರಬೇಕು. ಹೆಂಡತಿ, ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು, ಗಂಡನ ಕೋಟಿನ ಗುಂಡಿ ನೋಡುತ್ತಾ ನಿಂತಳು. ಕಿವಿಮೇಸ್ತ್ರಿ ಅಭ್ಯಾಸ ಮಾಡಿಟ್ಟಿದ್ದ ಒಂದೇ ಮಾತು ಫ್ಯಾನಿನ ಪಾಲಾಗಿತ್ತು. ಈಗ ಅದನ್ನೇ ಮಗಳಿಗೂ ಹೇಳಿದರೆ ಎಂಜಲು ಬಡಿಸಿದ ಹಾಗೆ. ಬೇರೆ ಮಾತು ಅವನ ಹತ್ತಿರ ಇರಲಿಲ್ಲ. ಇದ್ದದ್ದು ಕೇಳಿದ್ದು ಮಾತ್ರ.

"ಆ ನೂಲಿನ ಥರ ಬರೋ ಜಾಗ," ಅಂದ. "ನೀನು ಕಾಲು ಬಡೀತಿದ್ಯಲ್ಲ, ಅದು. ಮೇಲೆ ಕೂತು ಕೇಳಿದೆ ಕಣೇ. ಎಲ್ಲಿ ಜಾರುತ್ತೆ ಅಂತ ನೋಡೋದು ಮರೆತುಹೋಯ್ತು ನನಗೆ."

ಮಗಳು ಅವನನ್ನೇ ನೋಡಿದಳು. ಅವನ ಮೂಗಿನ ಪಕ್ಕದಲ್ಲಿ ಗ್ರೀಸಿನ ನಡುವೆ ಕಣ್ಣೀರಿಳಿದ ಒಂದು ಬಿಳಿ ಗೆರೆ ಇತ್ತು. ಆಮೇಲೆ ಕಮಾನು ಕೆಳಗಿಳಿಸಿ, ಗೋಡೆ ಬಿಟ್ಟು ಬಂದು, ತೋಳಿಗಿಂತ ಪಿಟೀಲು ಉದ್ದವಾಗಿದ್ದ ಕಾಲದಲ್ಲಿ ನಿಲ್ಲುತ್ತಿದ್ದ ಹಾಗೇ ಅವನ ಎದುರು ನಿಂತಳು.

"ಹೇಗಿತ್ತಪ್ಪಾ?"

ಕಿವಿಮೇಸ್ತ್ರಿ ಪಿಟೀಲಿನ ಕಡೆ ಕೈ ತೋರಿಸಿದ.

"ಇನ್ನೊಂದ್ಸಲ ನುಡಿಸ್ತೀಯಾ?"

ಮಗಳ ಮುಖ ಬಾಡಿತು. ಅಪ್ಪ ಯಾವುದನ್ನು ಎರಡನೇ ಸಲ ಕೇಳುತ್ತಾನೆ ಅಂತ ಅವಳಿಗೆ ಗೊತ್ತಿಲ್ಲವೇ.

"ಯಾಕೆ? ಎಲ್ಲಿ ತಪ್ಪಿತು?"

"ಎಲ್ಲೂ ಇಲ್ಲ," ಅಂದ ಅಪ್ಪ. "ಸುಮ್ನೆ."

ಆ ಮಾತು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ತೋಳಿನಿಂದ ಕಣ್ಣು ಒರೆಸಿಕೊಂಡು, ಪಿಟೀಲನ್ನು ಗಲ್ಲದ ಕೆಳಗೆ ಇಟ್ಟುಕೊಂಡಳು. ಜಪಾನಿ ಹೆಂಗಸು ಸದ್ದಿಲ್ಲದೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ಹೆಂಡತಿ ಕಾರ್ಯಕ್ರಮದ ಹಾಳೆಯನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದಳು, ಎಲೆಗಳ ಜಾಗ ಬಂದಾಗ ತಾನು ಬೀಸಬೇಕಲ್ಲ.

ನೂಲು ಅರ್ಧಕ್ಕೆ ಬಂದಿತ್ತು. ಮೇಲೆ ಮುದುಕ, ಎಲ್ಲ ಮುಗಿದು ಜನ ಹೋದರು ಅಂದುಕೊಂಡು, ಫ್ಯಾನಿನ ಗುಂಡಿ ಒತ್ತಿದ. ಧಡಾರ್ ಅಂತ ಕೊಳವೆ ಗುಡುಗಿತು, ಆ ಕೋಣೆಯ ಜಾಲರಿಯಿಂದಲೂ ಗಾಳಿ ನುಗ್ಗಿತು. ಮಗಳ ಕಮಾನು ಒಂದು ಕ್ಷಣ ಅಲುಗಿ ಮುಂದೆ ಹೋಯಿತು. ಆಮೇಲೆ, ಎಲ್ಲರಿಗೂ ಕೇಳುವ ಹಾಗೆ, ಮೇಲೆ ಏನೋ ಒಂದು ಟಕ್ ಟಕ್ ಅಂತ ಬಡಿಯತೊಡಗಿತು. ಈ ಸಲ ಅದು ನಿಜವಾಗಿಯೂ ಫ್ಯಾನೇ. ಹೆಂಡತಿ ಗಂಡನ ಕಡೆ ನೋಡಿದಳು, ಕೈಚೀಲದಲ್ಲಿದ್ದ ಉದ್ದನೆಯ ಸ್ಕ್ರೂಡ್ರೈವರನ್ನು ತಾನೇ ಅರ್ಧ ಹೊರಗೆಳೆದಳು.

ಕಿವಿಮೇಸ್ತ್ರಿ ತಲೆ ಎತ್ತಲಿಲ್ಲ. ಅವನಿಗೆ ಅದು ಕೇಳಿಸಿಯೇ ಇರಲಿಲ್ಲ.